ಮೂರು ಕೋಟು ಕೆಂಪು

ಬಸ್ ಡಿಪೋದ ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ಅವಳ ಗಂಡ ತನ್ನನ್ನು ತಾನೇ ಮೆಕ್ಯಾನಿಕ್ ಆಗಿ ನೇಮಿಸಿಕೊಂಡ. ಬಸ್ಸುಗಳ ಪಕ್ಕ ಕೂತು ರಜಾ ಅರ್ಜಿಗಳಿಗೆ ಮೊಹರು ಒತ್ತಿದವನ ತಲೆಗೆ ಇಂಜಿನ್ನಿನ ಒಳಗುಟ್ಟು ತಾನಾಗಿಯೇ ಇಳಿದಿರುತ್ತದೆ ಎಂಬುದು ಅವನ ನಂಬಿಕೆ. ಓಣಿಯವರ ಬಟ್ಟೆ ಹೊಲಿದು ಕೊಡುತ್ತಿದ್ದ ಅವಳಿಗೆ ಇದನ್ನು ಕೇಳಿ ನಗುವುದಕ್ಕೂ ಬೇಸರವಾಗಿತ್ತು.

ಹಿತ್ತಲ ಶೆಡ್ಡಿನಲ್ಲಿ ಮಾವನ ಕಾಲದ ಟ್ರ್ಯಾಕ್ಟರು ತುಕ್ಕು ಹಿಡಿದು ನಿಂತಿತ್ತು. ಅದನ್ನು ಓಡಿಸುತ್ತಿದ್ದವನು ಮೈದುನ. ಹಿರಿಮಗನೆನಿಸಿಕೊಂಡ ಗಂಡ ಸೀಟು ಹತ್ತಿದ್ದು ಫೋಟೊ ತೆಗೆಸಿಕೊಳ್ಳಲು ಮಾತ್ರ. ಈಗ ಅದಕ್ಕೆ ಜೀವ ತುಂಬುತ್ತೇನೆಂದು ಹೊರಟ. ಇಂಜಿನ್ನನ್ನು ಮೈದುನನೇ ಬಂದು ಬಿಚ್ಚಿ, ತೊಳೆದು, ಕೂಡಿಸಿದ.

"ವೈರಿಂಗ್ ನಂಗೆ ಬಿಡು, ನೀನು ಕೈ ಹಾಕ್ಬೇಡ" ಎಂದು ಅಣ್ಣ ಅವನನ್ನು ಸಾಗಹಾಕಿದ.

ವೈರಿಂಗಿಗಿಂತ ಮುಂಚೆ ಬಣ್ಣ. ನಟ್ಟು ಬೋಲ್ಟು ಯಾವುದನ್ನೂ ಬಿಡದೆ ಮೂರು ಕೋಟು ಕೆಂಪು ಬಳಿದ. ಹೊಸ ವೈರುಗಳನ್ನೂ ಎಲ್ಲ ಕೆಂಪು ಬಣ್ಣದವನ್ನೇ ತಂದ, ಗಾಡಿಗೆ ಒಪ್ಪಬೇಕಲ್ಲ! ಯಾವ ವೈರು ಎಲ್ಲಿಗೆ ಹೋಗುತ್ತದೆಂದು ಅವನಿಗೇ ತಿಳಿಯದಾಯಿತು. ದೀಪದ ಸ್ವಿಚ್ಚು ಒತ್ತಿದರೆ ಹಾರ್ನ್ ಬಡಿದುಕೊಂಡಿತು. ಅವಳು ಬಣ್ಣಬಣ್ಣದ ಬಟ್ಟೆಚೂರು ಕಟ್ಟಿ ಗುರುತು ಮಾಡಿಕೊಟ್ಟಳು.

ಆದರೂ ಕೀ ತಿರುಗಿಸಿದರೆ 'ಟಕ್' ಎಂದಷ್ಟೇ ಸದ್ದು. ಬ್ಯಾಟರಿ ಬದಲಾಯಿಸಿದ, ಅಂಗಡಿಯವನನ್ನು ಬೈದ, ಕೊನೆಗೆ ಹವೆಯನ್ನೂ ಬೈದ.

"ರೀ, ಬ್ಯಾಟರಿಯಿಂದ ಗಾಡಿಯ ಕಬ್ಬಿಣಕ್ಕೆ ಬಂದಿರೋ ಈ ದಪ್ಪ ವೈರು ಬಣ್ಣದ ಮೇಲೆ ಕೂತಿದೆ. ನನ್ನ ಮಷೀನಿನ ಪೆಡಲ್ ಒಳಗೆ ಗಲೀಜು ಕೂತ್ರೆ ಕರೆಂಟು ಹರಿಯದೆ ಮೋಟರೇ ತಿರುಗಲ್ಲ. ಇಲ್ಲೂ ಕೆರೆದು ನೋಡಿ" ಎಂದಳು.

"ಇದೇನು ನಿನ್ನ ಹೊಲಿಗೆ ಮಷೀನಾ? ಹೋಗು, ಒಳಗೆ ಕೆಲಸ ನೋಡು."

ಅವಳು ಒಳಗೆ ಹೋದಳು. ಊಟವಾಗಿ ಅಡ್ಡಾಗಿದ್ದಾಗ ಶೆಡ್ಡಿನಿಂದ ಕಬ್ಬಿಣ ಕೆರೆಯುವ ಸದ್ದು ಬಂತು, ಹಿಂದೆಯೇ ಇಂಜಿನ್ನಿನ ಗುಡುಗು. ಆಮೇಲೆ ಫೋನಿನಲ್ಲಿ ತಮ್ಮನಿಗೆ ಕೊಚ್ಚಿಕೊಳ್ಳುವುದೂ ಕೇಳಿಸಿತು: "ಅರ್ಥಿಂಗ್ ಪ್ರಾಬ್ಲಮ್ಮು. ಎಂಥವರಿಗೂ ಹೊಳೆಯಲ್ಲ ಬಿಡು. ನಾನು ನೋಡಿದ ತಕ್ಷಣ ಹಿಡಿದೆ!"

ಅದು ನನ್ನ ಮಾತು ಎಂದು ಹೇಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ಈ ಮನುಷ್ಯನಿಂದ ಶಹಬ್ಬಾಸ್ ಅನ್ನಿಸಿಕೊಂಡು ಆಗಬೇಕಾದ್ದಾದರೂ ಏನು?

ಭಾನುವಾರ ಮೈದುನ ಬಂದ. "ಒಂದು ರೌಂಡ್ ಹೊಡಿ, ಅಣ್ಣ."

ಸೀಟಿನ ಮೇಲೆ ಕೂತಿದ್ದ ಗಂಡ ಸ್ಟೀರಿಂಗನ್ನು ಮಗುವಿನಂತೆ ತಬ್ಬಿಕೊಂಡ. "ಬಣ್ಣ ಇನ್ನೂ ಹಸಿ ಇದೆ."

ಬಣ್ಣ ಒಣಗಿ ಎಷ್ಟೋ ವಾರ ಕಳೆದಿತ್ತು. ಓಡಿಸಲು ಬರುವುದಿಲ್ಲ ಎನ್ನಲೂ ಧೈರ್ಯವಿಲ್ಲದ ಆ ಮುಖವನ್ನು ಅವಳು ಒಂದು ಗಳಿಗೆ ನೋಡಿದಳು.

"ಇಳೀರಿ ಕೆಳಗೆ" ಎಂದಳು. ಮೈದುನನತ್ತ ತಿರುಗಿ, "ನಂಗೆ ಹೇಳ್ಕೊಡಪ್ಪ" ಎಂದಳು.

ಮೈದುನ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತು ಕ್ಲಚ್ಚು, ಗೇರು ತೋರಿಸಿಕೊಟ್ಟ. ಟ್ರ್ಯಾಕ್ಟರು ಕುಪ್ಪಳಿಸಿ, ಸೊಟ್ಟಸೊಟ್ಟಗೆ ಹಿತ್ತಲು ಸುತ್ತಿತು. ಅವಳು ಬಾಯಿ ತುಂಬ ನಗುತ್ತಿದ್ದಳು. "ಗೋಡೆ! ಗೋಡೆಗೆ ಉಜ್ಜುತ್ತೆ!" ಎಂದು ಕೂಗುತ್ತ ಗಂಡ ಹಿಂದೆ ಓಡುತ್ತಿದ್ದ.

ಈಗ ಭಾನುವಾರ ಅವಳು ಓಡಿಸುತ್ತಾಳೆ. ಉಳಿದ ದಿನ ಅವನು ಒರೆಸುತ್ತಾನೆ.