ಏಳು ಕಡೆ ನಿಲ್ಲುವ ದೇವರು

ನಮ್ಮೂರಿನ ಮೊಹರಂ ಬಗ್ಗೆ ಪೇಪರಿನವರು ಪ್ರತಿ ವರ್ಷ ಬರೆಯುತ್ತಾರೆ. ಒಂದೂ ಮುಸಲ್ಮಾನರ ಮನೆಯಿಲ್ಲದ ಊರಿನಲ್ಲಿ ಹಿಂದೂಗಳೇ ಪೀರಲ ದೇವರನ್ನು ಹೊರುತ್ತಾರೆ, ಭಾವೈಕ್ಯ ಅಂದರೆ ಇದಪ್ಪಾ, ಅಂತ. ಫೋಟೋದಲ್ಲಿ ನಮ್ಮ ಅಣ್ಣ ಇರುತ್ತಾನೆ. ಹಸಿರು ಪಟಕಾ ಸುತ್ತಿಕೊಂಡು, ಪಂಜಾ ಹಿಡಿದು, ಮೂವತ್ತೆರಡೂ ಹಲ್ಲು ಕಿರಿದು. ಪಂಜಾ ಅಂದರೆ ಕೋಲಿನ ತುದಿಗೆ ಕೂಡಿಸಿದ ಲೋಹದ ಹಸ್ತ, ಅದೇ ದೇವರು. ಆ ಫೋಟೋ ಕಂಡರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಒಂದೂ ಮನೆ ಯಾಕಿಲ್ಲ ಅಂತ ಇಷ್ಟು ವರ್ಷದಲ್ಲಿ ಒಬ್ಬನಾದರೂ ಬಾಯಿಬಿಟ್ಟು ಕೇಳಿದ್ದಾನೆಯೇ?

ನಾನಾದರೂ ಎಲ್ಲಿ ಕೇಳಿದ್ದೆ! ಯಾದಗಿರಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ರಿಟೈರ್ ಆದವಳು ನಾನು. ಪ್ರತಿ ಸೆಪ್ಟೆಂಬರ್ ಹದಿನೇಳಕ್ಕೆ ಧ್ವಜದ ಕೆಳಗೆ ನಿಂತು ನಿಜಾಮ, ರಜಾಕಾರರು, ಪೊಲೀಸ್ ಕಾರ್ಯಾಚರಣೆ, ವಿಮೋಚನೆ ಅಂತ ಭಾಷಣ ಬಿಗಿದವಳು. ರಜಾಕಾರರು ಮಾಡಿದ್ದು ಸುಳ್ಳಲ್ಲ. ಊರು ಸುಟ್ಟರು, ಜನರನ್ನು ಕೊಂದರು, ಎಷ್ಟೋ ಮಂದಿ ಮಕ್ಕಳುಮರಿ ಕಟ್ಟಿಕೊಂಡು ಸಂಸ್ಥಾನದ ಗಡಿ ದಾಟಿ ಓಡಿದರು. ಅದನ್ನು ಗಂಟಲು ಹರಿಯುವಂತೆ ಹೇಳುತ್ತಿದ್ದೆ. ಆದರೆ ನಲವತ್ತೆಂಟರಲ್ಲಿ ಭಾರತದ ಸೈನ್ಯ ಬಂದು ನಿಜಾಮ ಶರಣಾದ ಮೇಲಿನ ವಾರಗಳಲ್ಲಿ ಏನಾಯಿತು ಅನ್ನುವುದು ಪಾಠದಲ್ಲಿ ಇರಲಿಲ್ಲ. ಬಂದೂಕು ಹಿಡಿದವರು ಓಡಿಹೋಗಿದ್ದರು, ಅವರ ಮೇಲಿನ ಸಿಟ್ಟು ಊರಲ್ಲೇ ಉಳಿದಿತ್ತು. ಅದು ಕೈಗೆ ಸಿಕ್ಕ ಸಾದಾ ಮುಸಲ್ಮಾನರ ಮೇಲೆ ತೀರಿತು. ಹತ್ತಿ ಹಿಂಜುವವನು, ಬಳೆ ಮಾರುವವನು, ಬಂದೂಕನ್ನು ಕಣ್ಣಲ್ಲೂ ಕಾಣದವನು, ಅವನ ಹೆಂಡತಿ, ಅವನ ಮಕ್ಕಳು. ದಿಲ್ಲಿಯಿಂದ ಬಂದವರು ಊರೂರು ತಿರುಗಿ ಅದರ ವರದಿ ಬರೆದರಂತೆ, ಅದು ಎಷ್ಟೋ ವರ್ಷ ಹೊರಗೇ ಬರಲಿಲ್ಲ. ಪರೀಕ್ಷೆಗೆ ಬರದ ಪಾಠ ನಾನ್ಯಾಕೆ ಹೇಳಲಿ ಅಂತ ನಾನೂ ಸುಮ್ಮನಿದ್ದೆ.

ನಮ್ಮೂರು ಶಹಾಪುರ ತಾಲೂಕಿನದು. ಹೆಸರು ಹೇಳುವುದಿಲ್ಲ. ಹೇಳಿದರೆ ಪಕ್ಕದ ಊರಿನವರು ಸದ್ಯ ನಮ್ಮದಲ್ಲ ಅಂತ ನಿಟ್ಟುಸಿರು ಬಿಡುತ್ತಾರೆ, ಆ ಸುಖ ಅವರಿಗೆ ಯಾಕೆ?

ಅಲ್ಲಿಯ ಪದ್ಧತಿ ಹೀಗೆ. ಮೊಹರಂನ ಹತ್ತನೆಯ ದಿನ ಮಧ್ಯಾಹ್ನ ಪಂಜಾಗಳು ಮೆರವಣಿಗೆ ಹೊರಡುತ್ತವೆ. ದಾರಿಯಲ್ಲಿ ಏಳು ಕಡೆ ನಿಲ್ಲುತ್ತವೆ. ನಿಂತ ಕಡೆಯಲ್ಲಿ ಹಲಗೆ ಬಾರಿಸುವುದು ಬಂದ್. ಪಂಜಾವನ್ನು ಮೂರು ಸಲ ಬಾಗಿಸುತ್ತಾರೆ, ಹೊತ್ತವರ ಕಾಲಿಗೆ ಒಂದು ಕೊಡ ನೀರು ಸುರಿಯುತ್ತಾರೆ, ಮತ್ತೆ ಹಲಗೆ. ಮೊದಲನೆಯದು ಬೇವಿನ ಗಿಡದ ಬಾಜೂ ಒಂದು ಮೋಟು ಗೋಡೆ. ಆಮೇಲೆ ಹಿಟ್ಟಿನ ಗಿರಣಿ, ಅಂಗನವಾಡಿಯ ಹಿತ್ತಿಲು, ಜಾಲಿ ಬೆಳೆದ ಎರಡು ಖಾಲಿ ಜಾಗ, ಒಂದು ದನದ ಕೊಟ್ಟಿಗೆ. ಕೊಟ್ಟಿಗೆಯ ಮುಂದೆ ಯಾಕೆ ದೇವರು ಬಾಗುತ್ತಾನೆ? ಕೇಳಿದರೆ, ‘ಪದ್ಧತಿ ಅದ, ಹಿಂದಿನಿಂದ ನಡದು ಬಂದದ.’ ಏಳನೆಯದು ನಮ್ಮ ಮನೆ. ಊರಿನಲ್ಲಿ ಇಷ್ಟು ದೊಡ್ಡ ಗೌಡರ ವಾಡೆಗಳಿದ್ದರೂ ದೇವರು ನಿಲ್ಲುವುದು ನಮ್ಮ ಬಾಗಿಲಿಗೆ ಮಾತ್ರ ಅಂತ ಚಿಕ್ಕಂದಿನಲ್ಲಿ ನನಗೆ ಎಂಥ ಜಂಬ ಇತ್ತು! ಅಪ್ಪ ಹೇಳುತ್ತಿದ್ದ, ‘ನಿಮ್ಮಜ್ಜನ ಭಕ್ತಿ ಅದು.’ ಏಳೂ ಮುಗಿದ ಮೇಲೆ ಪಂಜಾಗಳನ್ನು ಊರಾಚೆಯ ಬಾವಿಗೆ ಒಯ್ದು ತೊಳೆದು ಪೆಟ್ಟಿಗೆಯೊಳಗೆ ಇಡುತ್ತಾರೆ.

ಆ ಬಾವಿಯ ನೀರನ್ನು ಊರಿನಲ್ಲಿ ಯಾರೂ ಕುಡಿಯುವುದಿಲ್ಲ. ಯಾಕೆ ಅಂತ ಒಮ್ಮೆ ನಮ್ಮ ಆಯಿಯನ್ನು, ಅಪ್ಪನ ತಾಯಿಯನ್ನು, ಕೇಳಿದ್ದೆ. ಆಕೆ ಜೋಳ ಹಸನು ಮಾಡುತ್ತಿದ್ದಳು. ಮೊರ ಕೇರುವುದು ನಿಲ್ಲಿಸದೆಯೇ, ‘ನಮ್ಮೂರ ಮಂದೀನ ನಮ್ಮೂರ ಮಂದೀನೇ ಅದರಾಗ ಒಗದಾರವ್ವ’ ಅಂದಳು. ನಾನು ಯಾವುದೋ ಕಳ್ಳರ ಕತೆ ಅಂದುಕೊಂಡು ಆಡಲಿಕ್ಕೆ ಓಡಿದೆ.

ಆಡುತ್ತಿದ್ದದ್ದು ನಮ್ಮ ಮನೆಯ ಕಟ್ಟೆಯ ಮೇಲೆ. ಬಾಗಿಲ ಬಲಗಡೆಯ ಹಾಸುಗಲ್ಲಿನಲ್ಲಿ ಯಾರೋ ಉಳಿಯಿಂದ ಚೌಕಾಬಾರದ ಮನೆಗಳನ್ನು ಕೆತ್ತಿದ್ದರು, ಅಡ್ಡ ಐದು, ಉದ್ದ ಐದು. ಹುಣಸೆ ಬೀಜ ಒಡೆದು ಅಣ್ಣನೂ ನಾನೂ ದಿನಗಟ್ಟಲೆ ಆಡಿದ್ದೇವೆ. ಅವನು ಮೋಸ ಮಾಡುತ್ತಿದ್ದ. ಈಗಲೂ ಮಾಡುತ್ತಾನೆ.

ಎರಡು ವರ್ಷದ ಹಿಂದೆ ಮೊಹರಂ ಮುಗಿದು ತಿಂಗಳಾಗಿತ್ತು. ನಾನು ಊರಿಗೆ ಹೋಗಿದ್ದೆ. ಹನ್ನೊಂದರ ಬಸ್ಸಿಗೆ ಒಬ್ಬ ಹೆಂಗಸು ಇಳಿದು ಕೇಳುತ್ತ ಕೇಳುತ್ತ ನಮ್ಮ ಮನೆಗೆ ಬಂದಳು. ನನ್ನದೇ ವಯಸ್ಸು. ಕಪ್ಪು ಬುರ್ಖಾ, ಮುಖ ತೆರೆದಿತ್ತು, ಕೈಯಲ್ಲಿ ಸಕ್ಕರೆಯ ಪೊಟ್ಟಣ. ಸುರಪುರದಲ್ಲಿ ಬಳೆ ಅಂಗಡಿ ಇದೆಯಂತೆ. ಮೊಮ್ಮಗ ಮೊಬೈಲಿನಲ್ಲಿ ನಮ್ಮೂರಿನ ಮೆರವಣಿಗೆಯ ವಿಡಿಯೋ ತೋರಿಸಿದನಂತೆ.

‘ನಮ್ಮ ಅಮ್ಮೀ ಇದೇ ಊರಾಕಿರಿ’ ಅಂದಳು. ‘ಗದ್ದಲದಾಗ ಹತ್ತು ವರ್ಸದಾಕಿ. ಬಾಜೂ ಮನಿ ಮುದಕಿ ನೆಲದೊಳಗಿನ ಜೋಳದ ಹಗೇವಿನಾಗ ಇಳಿಸಿ ಮ್ಯಾಲ ಕಲ್ಲ ಮುಚ್ಚಿದ್ಲಂತ. ಎರಡು ದಿನ. ಹೊರಗ ಬಂದಾಗ ಏಳೂ ಮನ್ಯಾಗ ಯಾರೂ ಇದ್ದಿಲ್ಲ.’

ಅಣ್ಣ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ‘ಏಳು ಮನಿ ಅಂದ್ರ?’ ಅಂದ.

‘ನಮ್ಮವು ಏಳ ಮನಿ ಇದ್ದವಂತರಿ. ಪೀರಲು ಒಂದೊಂದು ಮನಿ ಮುಂದ ನಿಂತು ನೀರ್ ಹಾಕಿಸ್ಕೊಂಡು ಹೋಗ್ತಿದ್ದವಂತ. ಮೊಬೈಲಿನಾಗ ನಾ ಎಣಿಸೀನಿ. ಈಗೂ ಏಳ ಕಡೆ ನಿಂತಾವ.’

ಆಯಿಯ ಬಾವಿಯ ಮಾತು ಆಗ ಅರ್ಥವಾಯಿತು. ಕೊಂದರು, ಬಾವಿಗೆ ಹಾಕಿದರು, ಮನೆಗಳನ್ನು ಕಿತ್ತು ತಿಂದರು, ಆದರೆ ದೇವರನ್ನು ಬಿಡಲಿಲ್ಲ. ದೇವರು ಮುನಿದರೆ ಮಳೆ ಹೋದೀತು ಅನ್ನುವ ಭಯ. ಭಯಕ್ಕೆ ಪದ್ಧತಿಯನ್ನು ಒಂದಿಷ್ಟೂ ತಪ್ಪಿಸಲಿಲ್ಲ. ಹಾಗಾಗಿ ಕೊಂದವರ ಮಕ್ಕಳು ಮೊಮ್ಮಕ್ಕಳು ವರ್ಷಕ್ಕೊಮ್ಮೆ ಹಲಗೆ ಬಾರಿಸಿಕೊಂಡು ಹೋಗಿ, ಇಲ್ಲಿ ಒಂದು ಮನೆ ಇತ್ತು, ಇಲ್ಲಿ ಒಂದು ಮನೆ ಇತ್ತು ಅಂತ ತಾವೇ ತೋರಿಸಿಕೊಡುತ್ತಿದ್ದರು. ಎಂಥ ದಡ್ಡ ಮುಂಡೇವು!

ಆಕೆ ಮುಂದುವರಿಸಿದಳು. ‘ನಮಗ ಮನಿ ಬ್ಯಾಡ, ಜಾಗಾ ಬ್ಯಾಡ. ಅಮ್ಮೀ ಸಾಯೋಮುಂದ ಒಂದೇ ಮಾತ್ ಹೇಳ್ಯಾಳ. ನಮ್ಮ ಹೊಸ್ತಿಲದ ಮುಂದ ಅಪ್ಪಗ, ಅವ್ವಗ, ತಮ್ಮಗ ಒಂದು ಫಾತೆಹಾ ಓದು ಅಂತ. ಅವರಿಗೆ ಗೋರಿ ಇಲ್ಲಲ್ರಿ. ಏಳರಾಗ ನಮ್ದು ಯಾವುದು ಅಂತ ಗೊತ್ತಿಲ್ಲ. ಕಟ್ಟಿ ಮ್ಯಾಲ ಚೌಕಾಬಾರಾ ಕೆತ್ತಿತ್ತಂತ, ಅಷ್ಟೇ ಗೊತ್ತು. ಅಂಥಾ ಕಲ್ಲ ಎಲ್ಲರೆ ನೋಡೀರೇನು, ಅಕ್ಕಾ?’

ನಾನು ಏನು ಮಾಡಿದೆ ಗೊತ್ತೇ? ಎರಡು ಹೆಜ್ಜೆ ನಡೆದು ಆ ಕಲ್ಲಿನ ಮೇಲೆ ಕೂತೆ. ಸೀರೆಯ ಸೆರಗು, ನಿರಿಗೆ ಎಲ್ಲ ಹರವಿಕೊಂಡು, ಇಪ್ಪತ್ತೈದು ಮನೆಯೂ ಮುಚ್ಚುವ ಹಾಗೆ ಕೂತೆ. ಯಾರೂ ಹೇಳಿಕೊಡಲಿಲ್ಲ, ಅಣ್ಣ ಕಣ್ಣೂ ಮಿಟುಕಿಸಲಿಲ್ಲ. ತಾನಾಗಿಯೇ ಕೂತೆ. ಅಷ್ಟೇ ಅಲ್ಲ, ಬಾಯಿ ಬೇರೆ ತೆರೆದೆ. ‘ಆ ದನದ ಕೊಟ್ಟಿಗಿ ಮುಂದ ಇತ್ತು ಅಂತ ನಮ್ಮ ಆಯಿ ಹೇಳ್ತಿದ್ಲು. ಕಲ್ಲ ಯಾವಾಗೋ ಹೋಗ್ಯದ’ ಅಂದೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿರಿ ಅಂದ ನಾಲಿಗೆ ಇದು.

ಆಕೆ ಕೊಟ್ಟಿಗೆಯ ಮುಂದೆ ಹೋಗಿ ನಿಂತಳು. ಸಗಣಿ, ಗಂಜಲ, ನೊಣ. ಚಪ್ಪಲಿ ಬಿಟ್ಟು ಎರಡೂ ಕೈ ಎದೆಯ ಮುಂದೆ ಹಿಡಿದು ಓದಿದಳು. ಒಂದು ಎಮ್ಮೆ ಆಕೆಯನ್ನೇ ನೋಡುತ್ತಿತ್ತು. ನಾನು ಕೂತಲ್ಲಿಂದ ಎಲ್ಲ ಕಾಣುತ್ತಿತ್ತು. ತಿರುಗಿ ಬಂದು ನನ್ನ ಕೈಗೆ ಸಕ್ಕರೆ ಕೊಟ್ಟಳು, ನೀರು ಕೇಳಿದಳು. ಅತ್ತಿಗೆ ತಂದುಕೊಟ್ಟಳು. ನಾನು ಏಳಲಿಲ್ಲ. ಹೊರಟು ನಿಂತಳು. ಆಗಲೂ ಏಳಲಿಲ್ಲ. ನಮ್ಮ ಕಡೆ ಮನೆಗೆ ಬಂದವರು ಹೊರಟರೆ ಹಾಸಿಗೆ ಹಿಡಿದ ಮುದುಕಿಯೂ ಒಂದು ಕೈ ಊರಿ ಎದ್ದು ಕೂಡುತ್ತಾಳೆ.

ಆಕೆ ನನ್ನ ಮುಖ ನೋಡಿದಳು, ಹರವಿದ ಸೀರೆ ನೋಡಿದಳು. ‘ನಾ ಕಲ್ಲಿನ ಮಾತ್ ತಗದಾಗಿಂದ ನೀವ್ ಒಮ್ಮಿನೂ ಎದ್ದಿಲ್ಲ’ ಅಂದಳು. ಬಸ್ಸಿನ ಕಡೆಗೆ ನಡೆದಳು.

‘ಚಲೋ ಮಾಡಿದಿ ನೋಡು’ ಅಂದ ಅಣ್ಣ.

ಅವನ ಆ ಶಹಬ್ಬಾಸ್‌ಗಿರಿ ನನ್ನನ್ನು ಸುಟ್ಟಷ್ಟು ಆಕೆಯ ಮಾತೂ ಸುಡಲಿಲ್ಲ. ‘ನಿನಗ ಮೊದಲೇ ಗೊತ್ತಿತ್ತಾ?’ ಅಂತ ಕೇಳಿದೆ.

‘ಹಿರೇರಿಗೆಲ್ಲಾ ಗೊತ್ತದ. ಅಪ್ಪ ನನಗ ಹೇಳ್ಯಾನ. ಅಜ್ಜ ಖಾಲಿ ಮನಿ ಕಂಡು ಬಂದು ಕುಂತ. ಕುಂತಿದ್ದಕ್ಕ ನೀ ಸಾಲಿ ಕಲ್ತಿ, ಟೀಚರ್ ಆದಿ. ಈಗ ಅದನ್ನೆಲ್ಲಾ ಕೆದರಿ ಏನ್ ಮಾಡ್ತಿ?’

‘ಖಾಲಿ ಮಾಡಿದವರು ಯಾರು?’

ಅವನು ಒಳಗೆ ಹೋಗಿ ಟಿವಿ ಹಚ್ಚಿದ.

ತಿಂಗಳುಗಟ್ಟಲೆ ಸಿಟ್ಟಿನಲ್ಲಿ ಬೆಂದೆ. ಅಣ್ಣನ ಮೇಲೆ, ನೋಡದ ಅಜ್ಜನ ಮೇಲೆ, ಭಕ್ತಿ ಅಂತ ಸುಳ್ಳು ಹೇಳಿದ ಅಪ್ಪನ ಮೇಲೆ, ನನ್ನ ಮೇಲೆ. ಕಡೆಗೆ ಒಂದು ದಿನ ಶಹಾಪುರದ ಮೇಲೆ ಸುರಪುರಕ್ಕೆ ಬಸ್ಸು ಹತ್ತಿದೆ. ನಾಲ್ಕು ಬಳೆ ಅಂಗಡಿ ತಿರುಗಿದ ಮೇಲೆ ಆಕೆ ಸಿಕ್ಕಳು. ಯಾರದೋ ಕೈಗೆ ಬಳೆ ಏರಿಸುತ್ತಿದ್ದಳು. ನನ್ನನ್ನು ಕಂಡರೂ ಕೆಲಸ ಬಿಡಲಿಲ್ಲ. ಆ ಹೆಣ್ಣುಮಗಳು ಹೋಗುವವರೆಗೂ ನಿಲ್ಲಿಸಿದಳು. ನಿಲ್ಲಿಸಲಿ.

‘ಆ ಕಲ್ಲಿನ ಮ್ಯಾಲೆ ನಾನೇ ಕುಂತಿದ್ದೆ’ ಅಂದೆ. ‘ತಪ್ಪಾಯ್ತು.’

‘ಅವತ್ತೇ ಗೊತ್ತಾಗ್ಯದ’ ಅಂದಳು. ‘ಎಮ್ಮಿ ಮುಂದ ನಿಲ್ಲಿಸಿ ನಮ್ಮ ಅಜ್ಜನ ಹೆಸರಿಲೆ ಫಾತೆಹಾ ಓದಿಸಿದ್ರಲ್ಲ, ಅಕ್ಕಾ. ಮಾಫಿ ಕೇಳಾಕ ಬಂದ್ರೇನು? ನನ್ನ ಹತ್ರ ಮಾಫಿ ಇಲ್ಲ. ಆ ಕಲ್ಲ ಬಿಟ್ಟು ಏಳ್ರಿ, ಸಾಕು.’

‘ಮೊಹರಂಕ ಬರ್ರಿ. ದೇವರು ನಿಂತಾಗ, ಎಲ್ಲಾರ ಮುಂದ ಓದ್ರಿ. ನಾ ಇರ್ತೀನಿ’ ಅಂದೆ.

ಆಕೆ ಬಿಚ್ಚಿಟ್ಟ ಬಳೆಗಳನ್ನು ಡಬ್ಬಿಗೆ ತುಂಬತೊಡಗಿದಳು. ಊರಿಗೆ ಹೋಗಿ ಅಣ್ಣನಿಗೆ ನಾನೇ ಹೇಳಿದೆ, ಆಕೆಯನ್ನು ಕರೆದಿದ್ದೇನೆ ಅಂತ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ‘ಹಂಗಾ’ ಅಂದ, ಅಷ್ಟೇ. ಚಿಕ್ಕಂದಿನಲ್ಲಿ ಬೀಜ ಸರಿಸುವ ಮುಂಚೆಯೂ ಹೀಗೇ ತಣ್ಣಗಿರುತ್ತಿದ್ದ. ನನಗೆ ನೆನಪಾಗಬೇಕಿತ್ತು.

ಹತ್ತನೆಯ ದಿನ ಆಕೆ ಹನ್ನೊಂದರ ಬಸ್ಸಿಗೇ ಬಂದಳು. ಇಬ್ಬರೂ ಕಟ್ಟೆಯ ಕೆಳಗೆ ನಿಂತು ಕಾದೆವು. ಕಲ್ಲಿನ ಮೇಲೆ ಏನೂ ಹಾಸಿರಲಿಲ್ಲ, ನಾನೇ ಬೆಳಿಗ್ಗೆ ತೊಳೆದಿದ್ದೆ. ದೂರದಲ್ಲಿ ಹಲಗೆ ಶುರುವಾಯಿತು. ಬೇವಿನ ಗಿಡದ ಹತ್ತಿರ ನಿಲ್ಲಬೇಕು. ನಿಲ್ಲಲಿಲ್ಲ. ಗಿರಣಿಯ ಹತ್ತಿರವೂ ನಿಲ್ಲಲಿಲ್ಲ. ಹಲಗೆಯ ಸದ್ದು ನಮ್ಮ ಓಣಿಯ ಬಾಯಿಗೆ ಬಂದು, ಒಳಗೆ ತಿರುಗದೆ, ದೊಡ್ಡ ರಸ್ತೆಗುಂಟ ಬಾವಿಯ ಕಡೆ ನಡೆದುಬಿಟ್ಟಿತು. ಓಡಿ ಹೋಗಿ ಒಬ್ಬನನ್ನು ಹಿಡಿದು ಕೇಳಿದೆ.

‘ಬಿಸಲ ಭಾಳ ಅದಲ್ರೀ, ಕಮಿಟ್ಯಾಗ ಈ ವರ್ಸದಿಂದ ರೂಟ್ ಶಾರ್ಟ್ ಮಾಡ್ಯಾರ’ ಅಂದ. ಪೇಪರಿನ ಹುಡುಗ ಎದುರಿಗೆ ಹಿಮ್ಮುಖವಾಗಿ ನಡೆಯುತ್ತ ಫೋಟೋ ತೆಗೆಯುತ್ತಿದ್ದ. ಅಣ್ಣ ಈ ಸಲ ಪಂಜಾ ಹಿಡಿದಿರಲಿಲ್ಲ, ಮನೆಯೊಳಗೇ ಉಳಿದಿದ್ದ.

ಎಪ್ಪತ್ತು ವರ್ಷ ದೇವರ ಭಯಕ್ಕೆ ಉಳಿಸಿಕೊಂಡಿದ್ದನ್ನು ಒಬ್ಬ ಬಳೆಗಾರ್ತಿಯ ಭಯಕ್ಕೆ ಬಿಟ್ಟರು. ಥೂ ನಿಮ್ಮ ಜನ್ಮಕ್ಕೆ ಅಂತ ರಸ್ತೆಯಲ್ಲೇ ಅಂದೆ. ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ತಿರುಗಿ ಬಂದಾಗ ಆಕೆ ಕಟ್ಟೆ ಹತ್ತಿದ್ದಳು. ಕಲ್ಲಿನ ಪಕ್ಕ ಮಂಡಿಯೂರಿ, ಒಂದೊಂದೇ ಮನೆಯ ಮೇಲೆ ಬೆರಳು ಆಡಿಸುತ್ತಿದ್ದಳು. ಆಮೇಲೆ ಹೊಸ್ತಿಲ ಕಡೆ ಮುಖ ಮಾಡಿ ಕೈ ಎತ್ತಿದಳು. ದೇವರು ನಿಲ್ಲದಿದ್ದರೆ ಏನಾಯಿತು, ಓದುವವಳು ನಿಂತಿದ್ದಳು. ಮೂರು ಹೆಸರು ಹೇಳಿದ್ದು ನನಗೆ ಕೇಳಿಸಿತು. ಕಡೆಯದು ಹುಡುಗನ ಹೆಸರು. ಅಷ್ಟು ಹೊತ್ತಿಗೆ ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.

ಮುಗಿಸಿ ನನ್ನ ಕೈಯಲ್ಲಿ ಸಕ್ಕರೆ ಹಾಕಿದಳು, ಇನ್ನೊಂದು ಹಿಡಿ ಪೊಟ್ಟಣದಲ್ಲೇ ಇಟ್ಟು ಕೊಟ್ಟಳು.

‘ಮನ್ಯಾಗಿನವರಿಗೂ ಕೊಡ್ರಿ’ ಅಂದಳು. ‘ಓದಿದ ಮನ್ಯಾಗ ಕೊಡಬೇಕು, ಪದ್ಧತಿ ಅದ.’

ನಾನು ಬಾಗಿಲು ತಟ್ಟಿದೆ. ‘ಅಣ್ಣಾ’ ಅಂದೆ. ಒಳಗೆ ಅವನು ಉಸಿರಾಡುವುದು ಕೇಳಿಸುವಷ್ಟು ಹತ್ತಿರ ನಿಂತಿದ್ದ. ಮತ್ತೆ ತಟ್ಟಿದೆ. ಆಕೆ ಬಂದು ನನ್ನ ಪಕ್ಕ ನಿಂತಳು, ತಾನೂ ಒಂದು ಸಲ ತಟ್ಟಿದಳು, ಮೆಲ್ಲಗೆ. ಆಕೆಯ ಅಜ್ಜ ಕೂಡಿಸಿದ ಬಾಗಿಲು ಅದು. ತೆಗೆಯಲಿಲ್ಲ.