ನೀಲಿ ತಳದ ಮೂಸೆ

ಕಾಲೇಜಿನ ನೆಲಮಾಳಿಗೆಯಲ್ಲಿ ಮೂರು ಕುಲುಮೆಗಳಿದ್ದವು. ಬಾಗಿಲ ಬಳಿಯದು ಬೇಗ ಕಾಯುತ್ತಿತ್ತು, ಅಷ್ಟೇ ಬೇಗ ಮುನಿಸಿಕೊಂಡು ಫ್ಯೂಸ್ ಹಾರಿಸುತ್ತಿತ್ತು. ನಡುವಿನದು ಹೇಳಿದ ಮಾತು ಕೇಳುತ್ತಿತ್ತು. ಮೂಲೆಯದು ಮುದಿಯಾಗಿತ್ತು, ಮೀಟರು ಸಾವಿರದ ಇನ್ನೂರು ಡಿಗ್ರಿ ತೋರಿಸಿದಾಗ ಒಳಗೆ ಸಾವಿರದ ನೂರ ಎಪ್ಪತ್ತು ಇದ್ದರೆ ಹೆಚ್ಚು. ಇದನ್ನು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಅವುಗಳನ್ನು ನೋಡಿಕೊಳ್ಳುತ್ತಿದ್ದ ಕುಲುಮೆಯಣ್ಣನಿಗೆ ಗೊತ್ತಿತ್ತು, ಅಷ್ಟು ಸಾಕಾಗಿತ್ತು. ಅವನು ಇಣುಕುಗಂಡಿಗೆ ಕಣ್ಣಿಟ್ಟು ಒಳಗಿನ ಕೆಂಪನ್ನು ನೋಡಿ, “ಇನ್ನೊಂದು ಹತ್ತು ನಿಮಿಷ ತಡೀರಿ,” ಅಂದರೆ ಪಿಎಚ್‌ಡಿ ಮಾಡುವವರೂ ಕೈಕಟ್ಟಿ ನಿಲ್ಲುತ್ತಿದ್ದರು.

ಅವನ ಅಪ್ಪ ಚಿನ್ನದ ಕೆಲಸ ಮಾಡುತ್ತಿದ್ದವನು. ಚಿನ್ನ ಕರಗಿಸುವ ಮೂಸೆಯನ್ನು ಬಿರುಕು ಬಿಡುವವರೆಗೂ ಬಿಡುತ್ತಿರಲಿಲ್ಲ. ತೊಳೆದು, ಒಣಗಿಸಿ, ಉಗುರಿನಿಂದ ಒಮ್ಮೆ ತಟ್ಟಿ ಕಿವಿಗೊಡುವುದು. ಟಣ್ ಎಂದರೆ ಇನ್ನೂ ಆಯುಸ್ಸಿದೆ, ಬೊದ್ದೆಂದರೆ ಮುಗಿಯಿತು. ಮಗನಿಗೆ ಅಪ್ಪನ ಕಸುಬು ಬರಲಿಲ್ಲ, ಈ ಕೈಚಾಳಿ ಮಾತ್ರ ಬಂತು. ಕಾಲೇಜಿನವರು ಒಂದು ಸಲ ಬಳಸಿ ಎಸೆಯಲು ಹೇಳಿದ ಬಿಳಿ ಮೂಸೆಗಳನ್ನು ಎಸೆಯುವುದಕ್ಕೆ ಅವನ ಕೈ ಬರುತ್ತಿರಲಿಲ್ಲ. ಎಲ್ಲವನ್ನೂ ಆಸಿಡ್ಡಿನಲ್ಲಿ ನೆನೆಹಾಕಿ, ತೊಳೆದು, ಕಪಾಟಿನ ಕೆಳಗಿನ ಅರೆಯಲ್ಲಿ ಸಾಲಾಗಿ ಬೋರಲಿಡುತ್ತಿದ್ದ.

ಸಣ್ಣ ಮೇಡಂ ಬಂದದ್ದು ಅವನ ಕೂದಲು ಇನ್ನೂ ಕಪ್ಪಗಿದ್ದ ಕಾಲಕ್ಕೆ. ವಿಭಾಗದ ಮುಖ್ಯಸ್ಥೆ ದೊಡ್ಡ ಮೇಡಂ ಆದ್ದರಿಂದ ಅವರ ಕೈಕೆಳಗೆ ಸಂಶೋಧನೆಗೆ ಸೇರಿದ ಈಕೆ ಸಣ್ಣ ಮೇಡಂ ಆದಳು. ಎತ್ತರದಲ್ಲಿ ದೊಡ್ಡ ಮೇಡಂಗಿಂತ ಒಂದು ಗೇಣು ಹೆಚ್ಚೇ ಇದ್ದಳು. ಮುರಿದ ಮೂಳೆಯ ಸಂದಿಗೆ ತುಂಬಲು ಬರುವಂಥ ಒಂದು ಬಿಳಿ ಪುಡಿ ಆಕೆಯ ಕೆಲಸ. ಪುಡಿಯನ್ನು ಅಂಗಿಯ ಗುಂಡಿಯಷ್ಟು ಬಿಲ್ಲೆಗಳಾಗಿ ಒತ್ತಿ, ಕುಲುಮೆಯಲ್ಲಿ ಸುಟ್ಟು, ಮೇಲಿನ ಮಹಡಿಯ ಜೀವಶಾಸ್ತ್ರದವರಿಗೆ ಕೊಟ್ಟರೆ ಅವರು ಅದರ ಮೇಲೆ ಮೂಳೆಯ ಜೀವಕೋಶಗಳನ್ನು ಬೆಳೆಸಿ ನೋಡುತ್ತಿದ್ದರು.

“ಮೂಳೆಗೆ ಮೋಸ ಮಾಡಬೇಕು ಅಣ್ಣ. ಇದೂ ನನ್ನದೇ ಅಂತ ಅದು ನಂಬಿಬಿಡಬೇಕು.”

“ನಮ್ಮನೆಯವಳನ್ನ ನಂಬಿಸೋದಕ್ಕಿಂತ ಸುಲಭ ಬಿಡಿ ಮೇಡಂ.”

ಆಕೆ ನಕ್ಕಳು. ಆಮೇಲೆ ಗಂಭೀರವಾಗಿ ಒಂದೇ ಒಂದು ಷರತ್ತು ಹಾಕಿದಳು. ಪ್ರತಿ ಸಲವೂ ಹೊಸ ಮೂಸೆಯೇ ಆಗಬೇಕು. ಬೇರೆಯವರ ಪುಡಿಯ ಸೋಂಕು ತನ್ನ ಬಿಲ್ಲೆಗೆ ತಗಲಕೂಡದು.

ಮೊದಲ ಸುಡುವಿಕೆಯ ವಾರವೇ ಹೊಸ ಮೂಸೆಗಳ ಪೆಟ್ಟಿಗೆ ಬರಲಿಲ್ಲ. ಆ ದಿನ ತಪ್ಪಿದರೆ ಕುಲುಮೆಯ ಸರದಿ ಮತ್ತೆ ಸಿಗುವುದು ತಿಂಗಳ ಮೇಲೆ. ಮಹಡಿಯಲ್ಲಿ ಬೆಳೆದು ಕಾದಿದ್ದ ಜೀವಕೋಶಗಳೆಲ್ಲ ದಂಡ. ಇಷ್ಟಕ್ಕೆ ಆ ಹುಡುಗಿಯ ಮುಖ ಬಾಡಿಸುವುದೇಕೆ ಎಂದು ಕುಲುಮೆಯಣ್ಣ ಕೆಳಗಿನ ಅರೆಗೆ ಕೈಹಾಕಿದ. ಸಿಕ್ಕಿದ್ದು ಭೌತಶಾಸ್ತ್ರದ ಹುಡುಗರು ಅಯಸ್ಕಾಂತದ ಪುಡಿ ಸುಟ್ಟಿದ್ದ ಮೂಸೆ. ತೊಳೆದದ್ದನ್ನೇ ಮತ್ತೆ ಎರಡು ದಿನ ಆಸಿಡ್ಡಿನಲ್ಲಿಟ್ಟ, ಕುದಿಸಿದ, ಒಣಗಿಸಿದ, ತಟ್ಟಿದ. ಟಣ್ ಎಂದಿತು. ತಳದಲ್ಲಿ ಮಾತ್ರ ಹೆಬ್ಬೆರಳಿನ ಗುರುತಿನಷ್ಟು ತಿಳಿನೀಲಿ ಉಳಿದಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಬಣ್ಣ ತಾನೆ, ಬಣ್ಣಕ್ಕೇನು ತೂಕವೇ, ಅಂದುಕೊಂಡ. ಮೂಸೆಗೆ ತುಂಬುವುದು, ಸುಟ್ಟು ಇಳಿಸುವುದು ಅವನದೇ ಕೆಲಸ. ಆಕೆಯ ಕೈಗೆ ಬರುತ್ತಿದ್ದದ್ದು ಬಿಲ್ಲೆಗಳು ಮಾತ್ರ.

“ಹೊಸದು ತಾನೆ ಅಣ್ಣ?” ಆಕೆ ಬಾಗಿಲಲ್ಲೇ ನಿಂತು ಕೇಳಿದಳು.

“ಹೊಸದೇ ಮೇಡಂ.”

ಪ್ರತಿ ಸುಡುವಿಕೆಯ ಲೆಕ್ಕವಿಡುವ ದಫ್ತರಿನಲ್ಲೂ ಹಾಗೇ ಬರೆದ: ಹೊಸ ಮೂಸೆ, ಒಂದು.

ಮೂರು ವಾರವಾದ ಮೇಲೆ ಸಣ್ಣ ಮೇಡಂ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬಂದಳು. ಅವನ ತೋಳು ಹಿಡಿದು ಎಳೆದುಕೊಂಡೇ ಮೇಲಿನ ಮಹಡಿಗೆ ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಒಳಗೆ ಕೆರೆಯ ಮೇಲಿನ ಪಾಚಿಯಂತೆ ಜೀವಕೋಶಗಳು ಒತ್ತೊತ್ತಾಗಿ ಹಬ್ಬಿದ್ದವು, ಬಿಲ್ಲೆ ಒಂದು ಚೂರೂ ಕಾಣದ ಹಾಗೆ. ಅವನಿಗೆ ಅದರ ಅರ್ಥ ಆಗದಿದ್ದರೂ ಪಕ್ಕದಲ್ಲಿ ನಿಂತವಳ ಉಸಿರಾಟ ಅರ್ಥವಾಯಿತು. ನೀಲಿ ತಳದ ಮೂಸೆಯ ಕೈಗುಣ ಒಳ್ಳೆಯದಿದೆ ಎಂದು ಮುಂದಿನ ಎರಡು ಸಲಕ್ಕೂ ಅದನ್ನೇ ಇಟ್ಟ. ಎರಡು ಸಲವೂ ಅದೇ ಪಾಚಿ. ಸಣ್ಣ ಮೇಡಂ ಲೇಖನ ಬರೆದಳು, ಅದು ಅಚ್ಚಾಯಿತು, ದೊಡ್ಡ ಮೇಡಂ ಎಲ್ಲರಿಗೂ ಸಿಹಿ ಹಂಚಿದರು.

ನಾಲ್ಕನೆಯ ಸಲ ಮೂಸೆ ಬೊದ್ದೆಂದಿತು. ಅಷ್ಟರಲ್ಲಿ ಪೆಟ್ಟಿಗೆಯೂ ಬಂದಿತ್ತು. ಅವನು ಒಡಕನ್ನು ಬುಟ್ಟಿಗೆ ಹಾಕಿ ನಿಜವಾದ ಹೊಸ ಮೂಸೆ ತೆಗೆದ. ಆ ಬಿಲ್ಲೆಗಳ ಮೇಲೆ ಏನೂ ಬೆಳೆಯಲಿಲ್ಲ. ಐದನೆಯದರ ಮೇಲೂ ಇಲ್ಲ, ಹತ್ತನೆಯದರ ಮೇಲೂ ಇಲ್ಲ.

ಬೇರೆ ಊರುಗಳಿಂದ, ಬೇರೆ ದೇಶಗಳಿಂದ, ನಮಗೂ ಆ ಫಲಿತಾಂಶ ಬರುತ್ತಿಲ್ಲ ಎಂದು ಪತ್ರಗಳು ಬಂದವು. ಸಣ್ಣ ಮೇಡಂ ನೀರು ಬದಲಿಸಿದಳು, ಪುಡಿ ತರಿಸುವ ಅಂಗಡಿ ಬದಲಿಸಿದಳು, ಒತ್ತುವ ಅಚ್ಚನ್ನು ಬದಲಿಸಿದಳು. ಎರಡು ವರ್ಷ ಹೀಗೇ ಹೋಯಿತು. ಕಾರಿಡಾರಿನಲ್ಲಿ ಆಕೆ ಬಂದರೆ ಮಾತು ನಿಲ್ಲತೊಡಗಿತು. ಅಂಕಿಗಳನ್ನು ಕೂತಲ್ಲೇ ಹೊಸೆದಿದ್ದಾಳೆ ಅಂತ ಯಾರೋ ಅಂದರು. ಯಾರು ಅಂದರೆಂದು ಯಾರಿಗೂ ಗೊತ್ತಿರಲಿಲ್ಲ, ಅಂದದ್ದು ಎಲ್ಲರಿಗೂ ಗೊತ್ತಿತ್ತು. ದೊಡ್ಡ ಮೇಡಂ ಇಲ್ಲ ಅನ್ನಲಿಲ್ಲ.

ಎರಡು ಸಲ ಆಕೆ ನೆಲಮಾಳಿಗೆಗೆ ಇಳಿದು ಬಂದು ಅವನೆದುರು ಸ್ಟೂಲಿನ ಮೇಲೆ ಕೂತಳು.

“ಅಣ್ಣ, ಮೊದಲ ಮೂರು ಸಲ ಏನಾದ್ರೂ ಬೇರೆ ಥರ ಆಗಿತ್ತಾ? ಏನೇ ಆಗಿರಲಿ, ಸಣ್ಣ ವಿಷಯ ಆದ್ರೂ ಪರವಾಗಿಲ್ಲ. ಯೋಚನೆ ಮಾಡಿ ಹೇಳಿ.”

ಮೊದಲ ಸಲ ಅವನು ನಿಜವಾಗಿಯೂ ಯೋಚಿಸಲಿಲ್ಲ. ತೊಳೆದ ಮೂಸೆ ಏನು ತಾನೆ ಮಾಡೀತು ಎಂದು, “ಇಲ್ಲ ಮೇಡಂ,” ಅಂದ. ಎರಡನೆಯ ಸಲ ಯೋಚಿಸಿದ. ಅದೇ ತಿಂಗಳು ಗ್ಯಾಸ್ ಸಿಲಿಂಡರ್ ನೋಡಿಕೊಳ್ಳುತ್ತಿದ್ದವನನ್ನು ಯಾವುದೋ ಸಣ್ಣ ಸುಳ್ಳಿಗೆ ಗ್ರಂಥಾಲಯದ ಬಾಗಿಲು ಕಾಯಲು ಹಾಕಿದ್ದರು. ಕುಲುಮೆಯಿಲ್ಲದ ಜಾಗದಲ್ಲಿ ತಾನು ಯಾರು? “ಇಲ್ಲ ಮೇಡಂ, ಎಲ್ಲ ನೀವು ಹೇಳಿದ ಹಾಗೇ,” ಅಂದ.

ಆಕೆ ಲೇಖನವನ್ನು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಕೆಲಸವನ್ನೂ ಬಿಟ್ಟಳು. ಹೊರಡುವ ದಿನ ಕೆಳಗಿಳಿದು ಬಂದು, “ಬರ್ತೀನಿ ಅಣ್ಣ,” ಅಂದಳು.

“ಹೋಗಿ ಬನ್ನಿ ಮೇಡಂ,” ಅಂದ. ಆಕೆ ಬರಲಿಲ್ಲ.

ಹನ್ನೊಂದು ವರ್ಷ ಕಳೆಯಿತು. ವಿಭಾಗದಲ್ಲಿ ಗುರುವಾರ ಮಧ್ಯಾಹ್ನ ಒಂದು ರೂಢಿ: ಜಗತ್ತಿನ ಪ್ರಯೋಗಾಲಯಗಳಲ್ಲಿ ಹೊಸದೇನಾಯಿತೆಂದು ಒಬ್ಬ ವಿದ್ಯಾರ್ಥಿ ಅರ್ಧ ಗಂಟೆ ಹೇಳುವುದು, ಉಳಿದವರು ಚಹಾ ಕುಡಿಯುತ್ತ ಕೇಳುವುದು. ಪರದೆ ಇಳಿಸಿ ಪ್ರೊಜೆಕ್ಟರ್ ಹಚ್ಚಿ ಕುಲುಮೆಯಣ್ಣ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಬಿಸ್ಕತ್ತು ಮುಗಿಯುವವರೆಗೆ ವಿಜ್ಞಾನದಲ್ಲಿ ಅವನಿಗೆ ಆಸಕ್ತಿ ಇರುತ್ತಿತ್ತು ಎಂದು ಹುಡುಗರು ಅವನೆದುರೇ ಹೇಳಿ ನಗುತ್ತಿದ್ದರು.

ಅಂದು ಮಾತಾಡಿದ್ದು ದಪ್ಪ ಕನ್ನಡಕದ ಒಬ್ಬ ಹುಡುಗಿ. ಪ್ರೋಟೀನಿನ ಆಕಾರವನ್ನು ಕಂಪ್ಯೂಟರು ಲೆಕ್ಕ ಹಾಕುತ್ತದಂತೆ. ವಂಶವಾಹಿಯಲ್ಲಿ ತಪ್ಪಿದ ಒಂದು ಅಕ್ಷರವನ್ನು ದೇಹದೊಳಗೇ ತಿದ್ದುತ್ತಾರಂತೆ. ಕೋಟ್ಯಂತರ ವರ್ಷಕ್ಕೆ ಒಂದು ಸೆಕೆಂಡೂ ತಪ್ಪದ ಗಡಿಯಾರ ಇದೆಯಂತೆ. ಆಮೇಲೆ ಪರದೆಯ ಮೇಲೆ ಒಂದು ಚಿತ್ರ ಬಂತು. ಹುಡುಗಿ ಬಾಯಿ ತೆರೆಯುವ ಮೊದಲೇ ಕುಲುಮೆಯಣ್ಣನ ಕೈಯ ಲೋಟ ನಿಂತಿತು. ಕೆರೆಯ ಪಾಚಿ.

“ಇದು ಮೂಳೆ ತುಂಬೋ ವಸ್ತು. ಬರೀ ಪುಡಿ ಇದ್ರೆ ಏನೂ ಬೆಳೆಯಲ್ಲ. ಅದಕ್ಕೆ ಕೋಬಾಲ್ಟ್ ಸೇರಿಸಿದ್ದಾರೆ, ತುಂಬಾ ಅಂದ್ರೆ ತುಂಬಾ ಕಮ್ಮಿ, ಒಂದು ಮೂಟೆಗೆ ಒಂದು ಚಿಟಿಕೆ ಅಂತಾರಲ್ಲ, ಅಷ್ಟು. ಹೆಚ್ಚಾದ್ರೆ ವಿಷ. ಅಷ್ಟೇ ಇದ್ರೆ ಹೀಗೆ.”

ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. “ಕೋಬಾಲ್ಟ್ ಅಂದ್ರೆ ಯಾವುದಮ್ಮ?”

“ಪಿಂಗಾಣಿ ತಟ್ಟೆ ಮೇಲೆ ನೀಲಿ ಹೂ ಇರತ್ತಲ್ಲ ಅಣ್ಣ, ಆ ಬಣ್ಣ ಬರೋದು ಅದರಿಂದಾನೇ. ಅಯಸ್ಕಾಂತಕ್ಕೂ ಹಾಕ್ತಾರೆ.”

“ಬಿಡಿ, ನಮ್ಮ ಅಣ್ಣ ಪಿಎಚ್‌ಡಿಗೆ ಸೇರ್ತಾರೆ!” ಯಾರೋ ಕೂಗಿದರು. ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿ ದೊಡ್ಡ ಮೇಡಂ ಮಾತ್ರ ನಗದೆ ಪರದೆಯನ್ನೇ ನೋಡುತ್ತಿದ್ದರು.

ಮನೆಯಲ್ಲಿ ಹೆಂಡತಿ ತಟ್ಟೆ ಇಟ್ಟು ನೋಡಿದಳು. ಉಂಡ ಶಾಸ್ತ್ರ ಮಾಡಿ ಎದ್ದವನನ್ನು ಬಿಡಲಿಲ್ಲ. “ಏನ್ರೀ, ಕುಲುಮೆ ಸತ್ತುಹೋಯ್ತಾ? ಮುಖ ಹಾಗಿದೆ.” ಅವನು ಎಲ್ಲ ಹೇಳಿದ. ಅವಳು ಕೈ ಒರೆಸಿಕೊಳ್ಳುತ್ತ ಕೇಳಿದಳು, ನಡುವೆ ಬಾಯಿ ಹಾಕಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು.

“ಈಗ ಹೇಳಿದ್ರೆ ಆ ಹನ್ನೊಂದು ವರ್ಷ ವಾಪಸ್ ಬರತ್ತೇನೇ?” ಅಂದ.

“ಬರಲ್ಲ. ಹೇಳದೇ ಇದ್ರೆ ಹನ್ನೆರಡಾಗತ್ತೆ.”

ಸಣ್ಣ ಮೇಡಂ ಈಗ ಕೈತೊಳೆಯುವ ಬೇಸಿನ್ನುಗಳನ್ನು ಮಾಡುವ ಕಾರ್ಖಾನೆಯಲ್ಲಿದ್ದಳು. ಬಸ್ಸಿನಲ್ಲಿ ಎರಡು ತಾಸಿನ ದಾರಿ. ಶನಿವಾರ ಬೆಳಿಗ್ಗೆ ಹೋದ. ಉದ್ದನೆಯ ತಗಡಿನ ಮಾಡಿನ ಕೆಳಗೆ ಬಿಳಿ ಬೇಸಿನ್ನುಗಳು ಸಾಲುಸಾಲಾಗಿ ಕೂತಿದ್ದವು. ಆಕೆ ಒಂದೊಂದನ್ನೇ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಿವಿಗೊಟ್ಟು, ಸೀಸದಕಡ್ಡಿಯಿಂದ ಗುರುತು ಹಾಕುತ್ತಿದ್ದಳು. ಕಿವಿಯ ಬಳಿ ಕೂದಲು ನರೆತಿತ್ತು.

“ಅಯ್ಯೋ ಅಣ್ಣ!” ಸುತ್ತಿಗೆ ಕೆಳಗಿಟ್ಟು ಓಡಿಬಂದಳು. “ಹೇಗಿದಾರೆ ಅತ್ತಿಗೆ? ಮೂಲೆ ಮುದುಕ ಇನ್ನೂ ಸುಳ್ಳು ಡಿಗ್ರಿ ತೋರಿಸ್ತಾನಾ?”

ಅವನು ನಿಂತುಕೊಂಡೇ, ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟು, “ಮೊದಲ ಮೂರು ಸಲ ಮೂಸೆ ಹಳೇದು ಮೇಡಂ,” ಅಂದ. “ಅಯಸ್ಕಾಂತದ ಹುಡುಗರದ್ದು. ತಳದಲ್ಲಿ ನೀಲಿ ಇತ್ತು. ನಾನು ಹೊಸದು ಅಂದೆ.”

ಆಕೆ ಸೀಸದಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡಳು. ಹಿಂದೆ ಯಾರೋ ಗಾಡಿಗೆ ಬೇಸಿನ್ ಏರಿಸುತ್ತ, ಹುಷಾರು, ಹುಷಾರು ಎನ್ನುತ್ತಿದ್ದರು.

“ಆ ಕೋಬಾಲ್ಟ್ ಲೇಖನ ನಾನೂ ಓದಿದೆ,” ಕೊನೆಗೆ ಅಂದಳು. “ನನ್ನ ಬಿಲ್ಲೆಗೆ ಎಲ್ಲಿಂದ ಬಂತು ಅದು ಅಂತ ಮೂರು ದಿನದಿಂದ ತಲೆ ಕೆಡಿಸ್ಕೊಂಡಿದೀನಿ. ಅವಾಗ ಒಂದು ಪಟ್ಟಿ ಮಾಡಿದ್ದೆ ಅಣ್ಣ, ಏನೇನು ತಪ್ಪಾಗಿರಬಹುದು ಅಂತ. ನಲವತ್ತು ಸಾಲು. ಮೂಸೆ ಮೊದಲನೇ ಸಾಲಲ್ಲೇ ಇತ್ತು. ಮೊದಲು ಹೊಡೆದುಹಾಕಿದ್ದೂ ಅದನ್ನೇ. ನೀವು ಹೇಳಿದ್ರಲ್ಲ.”

ಅವನು ಕೈಮುಗಿಯಲು ಹೋದ. “ಅದೆಲ್ಲ ಬೇಡ,” ಎಂದು ಆಕೆ ತಡೆದಳು. ದನಿಯಲ್ಲಿ ಸಿಟ್ಟಿತ್ತು, ಅಥವಾ ಸಿಟ್ಟಿಗೂ ಸಾಲದ ದಣಿವಿತ್ತು. “ನನ್ನ ಹತ್ರ ಹೇಳಿ ನೀವು ಹಗುರಾದ್ರಿ. ನಾನು ಸುಳ್ಳು ಹೇಳಿರಲಿಲ್ಲ ಅಂತ ನನಗೆ ಯಾವತ್ತೂ ಗೊತ್ತಿತ್ತು. ಅಲ್ಲಿರೋರಿಗೆ ಗೊತ್ತಿಲ್ಲ. ಗುರುವಾರದ ಮೀಟಿಂಗ್ ಇನ್ನೂ ನಡೆಯತ್ತಲ್ಲ?”

“ನಡೆಯತ್ತೆ.”

“ಅಲ್ಲಿ ಹೇಳಿ.”

ಮುಂದಿನ ಗುರುವಾರ ಅವನು ಪರದೆ ಇಳಿಸಿದ ಮೇಲೆ ಹಿಂದಿನ ಬೆಂಚಿಗೆ ಹೋಗಲಿಲ್ಲ. ದಫ್ತರನ್ನು ಎದೆಗವಚಿಕೊಂಡು ಮುಂದೆಯೇ ನಿಂತ. ಹುಡುಗರು ಮತ್ತೇನೋ ತಮಾಷೆಯೆಂದು ನಗಲು ತಯಾರಾದರು. ಅವನು ತಾರೀಖು ಓದಿದ, ಡಿಗ್ರಿ ಓದಿದ, ‘ಹೊಸ ಮೂಸೆ, ಒಂದು’ ಎಂದು ತನ್ನದೇ ಅಕ್ಷರವನ್ನು ಓದಿ, “ಇದು ಸುಳ್ಳು,” ಅಂದ. “ಮೂರು ಸಲವೂ ಸುಳ್ಳು. ಬರೆದವನು ನಾನು. ಮೇಡಂದು ಏನೂ ತಪ್ಪಿಲ್ಲ. ಈ ಕೋಬಾಲ್ಟ್ ಬಿಲ್ಲೆ ಮೊದಲು ಬೆಂದಿದ್ದು ನಮ್ಮ ಕೆಳಗಿನ ರೂಮಲ್ಲೇ.”

ಅಷ್ಟು ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ. ಆ ಎರಡು ನಿಮಿಷ ಹನ್ನೊಂದು ವರ್ಷದ ಹಿಂದೆ ಅವನ ಬಳಿ ಧಾರಾಳವಾಗಿ ಇತ್ತು.

ಯಾರೂ ನಗಲಿಲ್ಲ. ಕನ್ನಡಕದ ಹುಡುಗಿ ಪಕ್ಕದವಳ ಕಡೆ ಬಾಗಿ, “ಯಾವ ಮೇಡಂ? ಯಾರವರು?” ಎಂದು ಪಿಸುಗುಟ್ಟಿದ್ದು ಅವನಿಗೆ ಕೇಳಿಸಿತು. ಪಕ್ಕದವಳು ಗೊತ್ತಿಲ್ಲವೆಂದು ತಲೆಯಾಡಿಸಿದಳು. ಆ ಇಡೀ ಕೋಣೆಯಲ್ಲಿ ಸಣ್ಣ ಮೇಡಂನ ಮುಖ ಕಂಡಿದ್ದವರು ಇಬ್ಬರೇ: ಅವನು, ದೊಡ್ಡ ಮೇಡಂ. ಅನುಮಾನಪಟ್ಟವರೆಲ್ಲ ವರ್ಗವಾಗಿ, ನಿವೃತ್ತರಾಗಿ, ಯಾವಾಗಲೋ ಹೊರಟುಹೋಗಿದ್ದರು.

ದೊಡ್ಡ ಮೇಡಂ ಎದ್ದರು. “ಅವಳ ನಂಬರು ಕೊಡಿ,” ಎಂದಷ್ಟೇ ಹೇಳಿ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಕುಲುಮೆಯಣ್ಣ ಹೊರಗೆ ಗೋಡೆಗೊರಗಿ ನಿಂತ. ಒಳಗಿನಿಂದ “ನಿಜ ಏನು ಅಂತ ನಾನೂ ನಿನ್ನ ಕೇಳಲಿಲ್ಲಮ್ಮ” ಎಂಬುದೊಂದು ಕೇಳಿಸಿತು.

ಬಾಗಿಲು ತೆರೆದಾಗ ಅವರು ಕನ್ನಡಕವನ್ನು ಕೈಯಲ್ಲಿ ಹಿಡಿದಿದ್ದರು.

“ಬರ್ತಾರಂತಾ ಮೇಡಂ?” ಅವನು ಕೇಳಿದ. “ಮತ್ತೆ ಕೆಲಸ ಶುರು ಮಾಡ್ತಾರಂತಾ?”

“ಲಾರಿ ಹೊರಡೋ ಹೊತ್ತು, ಆಮೇಲೆ ಮಾತಾಡೋಣ ಅಂದ್ಲು.” ಸ್ವಲ್ಪ ತಡೆದು ದೊಡ್ಡ ಮೇಡಂ ಸೇರಿಸಿದರು, “ಅಣ್ಣ ಹೇಳಿದ್ರಾ ಅಂತ ಎರಡು ಸಲ ಕೇಳಿದ್ಲು. ಹೇಳಿದ್ರು ಅಂದೆ. ನಂಬೋದಕ್ಕೆ ಅವಳಿಗೆ ಎರಡನೇ ಸಲ ಬೇಕಾಯ್ತು.”