ಸೊನ್ನೆ ತೋರಿಸಿದ ನೀರು

ಕೋವಿಡ್ ಗಲಾಟೆ ಮುಗಿದ ಮರುವರ್ಷದ ಮಾತು. ಸರ್ಕಾರಿ ನೀರು ಪರೀಕ್ಷೆಯ ಲ್ಯಾಬಿನಿಂದ ಸೀನಿಯರ್ ಕೆಮಿಸ್ಟ್ ಆಗಿ ನಿವೃತ್ತಳಾಗಿದ್ದೆ. ಬೇಗಂಪೇಟೆಯ ಮನೆಯಲ್ಲಿ ಸುಮ್ಮನೆ ಕೂರಲಾರದೆ ಅಪಾರ್ಟ್‌ಮೆಂಟುಗಳ ಈಜುಕೊಳದ ನೀರು ನೋಡಿಕೊಡುವ ಕೆಲಸ ಹಿಡಿದೆ. ಜೀವಮಾನವೆಲ್ಲ ಕುಡಿಯುವ ನೀರು ನೋಡಿದವಳಿಗೆ ಈಜುವ ನೀರು ಯಾವ ಲೆಕ್ಕ ಎಂಬ ಜಂಬವೂ ಇತ್ತೆನ್ನಿ. ಆ ಜಂಬ ಇಳಿದದ್ದು ಗಚ್ಚಿಬೌಲಿಯ ಒಂದು ಗೇಟೆಡ್ ಕಾಲನಿಯ ಕೊಳದ ದಂಡೆಯ ಮೇಲೆ.

ನಮ್ಮ ಹೈದರಾಬಾದಿನಲ್ಲಿ ಬಯಲು ಈಜುಕೊಳಗಳನ್ನು ದೀಪಾವಳಿಯ ಆಸುಪಾಸಿನಲ್ಲಿ ಮುಚ್ಚಿ ಶಿವರಾತ್ರಿ ಕಳೆದ ಮೇಲೆ ತೆರೆಯುತ್ತಾರೆ. ಮುಚ್ಚುವುದೆಂದರೆ ನೀರು ಖಾಲಿ ಮಾಡುವುದಲ್ಲ. ಒಂದೂವರೆ ಲಕ್ಷ ಲೀಟರ್ ನೀರನ್ನು ಚರಂಡಿಗೆ ಬಿಟ್ಟು, ಮತ್ತೆ ಟ್ಯಾಂಕರ್ ಮೇಲೆ ಟ್ಯಾಂಕರ್ ತರಿಸುವ ಧೈರ್ಯ ಯಾರಿಗಿದೆ? ಖಾಲಿ ಬಿಟ್ಟರೆ ಟೈಲ್ಸೂ ಎದ್ದು ಬರುತ್ತವೆ. ಹಾಗಾಗಿ ನೀರನ್ನು ಹದಕ್ಕೆ ತಂದು ಮೇಲೆ ಹೊದಿಕೆ ಎಳೆಯುತ್ತಾರೆ. ಹದವೆಂದರೆ ಪಿಎಚ್ ಏಳೂವರೆಯ ಹತ್ತಿರ ಇರಬೇಕು. ಹಾರ್ಡ್‌ನೆಸ್, ಅಂದರೆ ನೀರಿನಲ್ಲಿ ಕರಗಿದ ಸುಣ್ಣದ ಅಂಶ, ಕಡಿಮೆಯಾದರೆ ನೀರು ಟೈಲ್ಸ್ ನಡುವಿನ ಸಿಮೆಂಟನ್ನು ತಿನ್ನುತ್ತದೆ. ಹೆಚ್ಚಾದರೆ ಎಲ್ಲ ಕಡೆ ಬಿಳಿ ಪೊರೆ ಕಟ್ಟುತ್ತದೆ. ಕ್ಲೋರಿನ್ ಒಂದರಿಂದ ಮೂರು ಪಿಪಿಎಂ ಸಾಕು, ಅಂದರೆ ಹತ್ತು ಲಕ್ಷ ಭಾಗ ನೀರಿಗೆ ಒಂದರಿಂದ ಮೂರು ಭಾಗ.

ದಸರೆ ಕಳೆದು ಎರಡು ವಾರವಾಗಿತ್ತು. ಕಾಲನಿಯ ಸೆಕ್ರೆಟರಿ ಮಧುಕರ್ ಫೋನ್ ಮಾಡಿದರು. ಕೊಳದ ನೀರು ಹಾಲಿನ ಹಾಗೆ ಬೆಳ್ಳಗಾಗಿದೆ, ವಾರದಿಂದ ಯಾರನ್ನೂ ಇಳಿಸಿಲ್ಲ, ಜನ ವಾಟ್ಸಾಪಿನಲ್ಲಿ ನನ್ನ ಪ್ರಾಣ ತಿನ್ನುತ್ತಿದ್ದಾರೆ, ಮುಚ್ಚುವ ಮೊದಲು ಬಂದು ನೋಡಿ ಎಂದರು. ಅವರು ಮಾತಾಡುವುದು ತೆಲುಗಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸಂಜೆ ನಾಲ್ಕರ ಸುಮಾರಿಗೆ ಹೋದೆ. ಮಧುಕರ್ ದಂಡೆಯ ಮೇಲೆ ನಿಂತಿದ್ದರು. ಕೊಳ ನೋಡಿಕೊಳ್ಳುವ ಶರಣಪ್ಪ ಉದ್ದ ಕೋಲಿನ ಬಲೆ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಸಿಂಧನೂರು ಕಡೆಯವನು, ಹೆಂಡತಿಯೊಂದಿಗೆ ಪಂಪ್ ರೂಮಿಗೆ ಹತ್ತಿದ ಒಂದು ಕೋಣೆಯಲ್ಲಿ ನಾಲ್ಕು ವರ್ಷದಿಂದ ಇದ್ದ. ಅಳತೆಯ ವಿಷಯದಲ್ಲಿ ಭಾಳ ನಿಯತ್ತಿನ ಮನುಷ್ಯ. ಸ್ವಲ್ಪ ದೂರದ ಕಲ್ಲು ಬೆಂಚಿನ ಮೇಲೆ ಕೋಲೂರಿಕೊಂಡು ಒಬ್ಬ ಅಜ್ಜಿ ಕೂತಿದ್ದರು. ಮಧುಕರ್ ಅವರ ತಾಯಿ ಸುಶೀಲಮ್ಮ. ಸಂಜೆಯಾದರೆ ಅವರು ಅಲ್ಲೇ ಇರುತ್ತಾರೆಂದು ನನಗೆ ಗೊತ್ತಿತ್ತು.

"ಏನಾಗೇದೋ ಶರಣಪ್ಪ?" ಎಂದೆ.

"ತಿಳೀವಲ್ದರಿ ಬಾಯಾರ. ಎಷ್ಟ್ ಕ್ಲೋರಿನ್ ಹಾಕಿದ್ರೂ ಕಿಟ್ಟಿನಾಗ ಸೊನ್ನೀನ ತೋರಸಾಕತ್ತೈತ್ರಿ. ನೀರು ನುಂಗಾಕತ್ತೈತ್ರಿ."

ಮಧುಕರ್ ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ಈ ತಿಂಗಳು ಒಂದು ಪೂರ್ತಿ ಡ್ರಮ್ ಕ್ಲೋರಿನ್ ಖಾಲಿಯಾಗಿದೆ. ನೀರಿನಲ್ಲಿ ಸೊನ್ನೆ. ಮತ್ತೆ ಎಲ್ಲಿಗೆ ಹೋಯಿತು? ಹೊರಗೆ ಮಾರಿದ್ದಾನೆ. ನೀವು ಪರೀಕ್ಷೆ ಮಾಡಿ ಸೊನ್ನೆ ಅಂತ ಹೇಳಿ. ನಾಳೆಯೇ ಅವನ ಕೋಣೆ ಖಾಲಿ ಮಾಡಿಸುತ್ತೇನೆ."

ಶರಣಪ್ಪ ಕಳ್ಳನೇ? ನನಗೆ ನಂಬಿಕೆ ಬರಲಿಲ್ಲ. ಆದರೆ ನನ್ನ ನಂಬಿಕೆಯನ್ನು ಯಾರು ಕೇಳುತ್ತಾರೆ, ಅವರಿಗೆ ಬೇಕಾದದ್ದು ಅಂಕಿ. ಕಿಟ್ ಬಿಚ್ಚಿದೆ. ಗಾಜಿನ ನಳಿಕೆಯಲ್ಲಿ ಹತ್ತು ಮಿಲಿಲೀಟರ್ ನೀರು ಹಿಡಿದು ಒಂದು ಮಾತ್ರೆ ಹಾಕಿ ಅಲ್ಲಾಡಿಸಬೇಕು. ಕ್ಲೋರಿನ್ ಇದ್ದಷ್ಟೂ ನೀರು ಗುಲಾಬಿಯಾಗುತ್ತದೆ. ಹಾಕಿದೆ, ಅಲ್ಲಾಡಿಸಿದೆ. ನೀರು ನೀರಿನ ಹಾಗೇ ಇತ್ತು. ಸೊನ್ನೆ.

ಮಧುಕರ್ ನನ್ನ ಮುಖ ನೋಡಿದರು.

ಇರಲಿ ಎಂದು ಪಿಎಚ್ ನೋಡಿದೆ. ಕೆಂಪು ಹನಿ ಹಾಕಿದರೆ ಹಳದಿಯಿಂದ ಕೆಂಪಿನವರೆಗೆ ಯಾವುದಾದರೂ ಬಣ್ಣ ಬರಬೇಕು, ಅದನ್ನು ಚಾರ್ಟಿಗೆ ಹೋಲಿಸಬೇಕು. ಬಂದದ್ದು ನೇರಳೆ! ಚಾರ್ಟಿನಲ್ಲಿ ನೇರಳೆಯೇ ಇಲ್ಲ. ಅಯ್ಯ, ಇದೇನು ಹೋಳಿ ಹುಣ್ಣಿಮೆಯೇ? ಹಾರ್ಡ್‌ನೆಸ್ ನೋಡಿದರೆ ನಾನ್ನೂರ ಹತ್ತು. ಬೇಸಿಗೆಯಲ್ಲಿ ನಾನೇ ಅಳೆದಾಗ ಇನ್ನೂರ ಎಂಬತ್ತಿತ್ತು. ಮಳೆಗಾಲದಲ್ಲಿ ಮಳೆನೀರು ಬಿದ್ದು ಹಾರ್ಡ್‌ನೆಸ್ ಇಳಿಯಬೇಕು, ಏರುವುದು ಹೇಗೆ? ಸುಣ್ಣ ಎಲ್ಲಿಂದ ಬಂತು? ಟ್ಯಾಂಕರ್ ಹಾಕಿಸಿದಿರಾ ಎಂದು ಕೇಳಿದೆ. ಒಂದೂ ಇಲ್ಲ ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ವಾಸನೆ ಹಿಡಿಯೋಣವೆಂದರೆ ಪಕ್ಕದಲ್ಲೇ ಕ್ಲೋರಿನ್ ಡ್ರಮ್ಮುಗಳ ಶೆಡ್ಡು. ಅಲ್ಲಿ ಆ ವಾಸನೆ ವರ್ಷವಿಡೀ ಇದ್ದದ್ದೇ.

ಮಾತ್ರೆ ಹಳೆಯದಿರಬಹುದು ಎಂದು ಹೊಸ ಪಟ್ಟಿ ಹರಿದೆ. ಮತ್ತೆ ಸೊನ್ನೆ. ಮೂರನೆಯ ಸಲ, ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಎಂದು ಶೆಡ್ಡಿನ ನೆರಳಿಗೆ ಹೋಗಿ ಹಾಕಿದೆ. ಮಾತ್ರೆ ನೀರು ಮುಟ್ಟಿದ ಕೂಡಲೇ ಒಂದು ಗುಲಾಬಿ ಎಳೆ ಎದ್ದು, ಕಣ್ಣು ಮಿಟುಕಿಸುವುದರೊಳಗೆ ಮಾಯವಾಯಿತು. ಕಂಡಿತೋ ಇಲ್ಲವೋ ಎಂದು ನನಗೇ ಅನುಮಾನ. ಇಲ್ಲದ ಕ್ಲೋರಿನ್ ಬಣ್ಣ ತೋರಿಸುವುದೇಕೆ, ತೋರಿಸಿದ್ದು ಓಡಿಹೋಗುವುದೇಕೆ? ನಳಿಕೆ ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತುಬಿಟ್ಟೆ.

ಆಗ ಹೊಳೆಯಿತು. ಕ್ಲೋರಿನ್ ಎಂದರೆ ಬಟ್ಟೆಯ ಬಣ್ಣ ತೆಗೆಯುವ ಬ್ಲೀಚೇ ತಾನೆ? ಅದು ಮಿತಿಮೀರಿ ಇದ್ದರೆ ಮಾತ್ರೆಯ ಬಣ್ಣವನ್ನೂ ತೆಗೆದು ಹಾಕುತ್ತದೆ! ಕುಡಿಯುವ ನೀರಿನಲ್ಲಿ ಅಷ್ಟು ಕ್ಲೋರಿನ್ ಯಾರೂ ಹಾಕುವುದಿಲ್ಲವಾದ್ದರಿಂದ ನಾನು ಅದನ್ನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ.

ಮಧುಕರ್ ಕೈಯಲ್ಲಿದ್ದ ಕುಡಿಯುವ ನೀರಿನ ಬಾಟಲಿ ಇಸಿದುಕೊಂಡೆ. ಒಂದು ಭಾಗ ಕೊಳದ ನೀರಿಗೆ ಒಂಬತ್ತು ಭಾಗ ಬಾಟಲಿಯ ನೀರು ಬೆರೆಸಿ ಮಾತ್ರೆ ಹಾಕಿದೆ. ಗಾಢ ಗುಲಾಬಿ ಬಂತು, ನಿಂತಿತು. ಚಾರ್ಟಿಗೆ ಹಿಡಿದರೆ ನಾಲ್ಕೂವರೆ. ಹತ್ತು ಪಟ್ಟು ತೆಳುಮಾಡಿದ್ದರಿಂದ ಕೊಳದಲ್ಲಿರುವುದು ನಲವತ್ತೈದು.

"ನೀರು ಬೆರೆಸಿದರೆ ಕ್ಲೋರಿನ್ ಜಾಸ್ತಿಯಾಯಿತೇ?" ಮಧುಕರ್ ಬಾಟಲಿಯನ್ನೂ ನಳಿಕೆಯನ್ನೂ ನನ್ನನ್ನೂ ಮೂರು ಸಲ ನೋಡಿದರು.

ವಿವರಿಸಿದೆ. ನಮ್ಮ ಕೊಳಗಳಿಗೆ ಹಾಕುವ ಕ್ಲೋರಿನ್ ಪುಡಿ ಕ್ಯಾಲ್ಸಿಯಂ ಹೈಪೊಕ್ಲೋರೈಟ್. ಕ್ಲೋರಿನ್ ಬಿಸಿಲಿಗೆ ಹಾರಿಹೋಗುತ್ತದೆ, ಕ್ಯಾಲ್ಸಿಯಂ ನೀರಿನಲ್ಲೇ ಉಳಿಯುತ್ತದೆ. ಹಾರ್ಡ್‌ನೆಸ್ ಏರಿದ್ದು, ನೀರು ಬೆಳ್ಳಗಾದದ್ದು ಅದರಿಂದಲೇ. ಪಿಎಚ್ ಹನಿ ನೇರಳೆಗೆ ತಿರುಗಿದ್ದೂ ಮಿತಿಮೀರಿದ ಕ್ಲೋರಿನ್ನಿನ ಕೆಲಸ. ಏರಿದ ಲೆಕ್ಕ ಹಿಡಿದರೆ ಹೆಚ್ಚುಕಡಿಮೆ ಒಂದು ಡ್ರಮ್ ಪುಡಿ. "ನಿಮ್ಮ ಡ್ರಮ್ ಎಲ್ಲೂ ಹೋಗಿಲ್ಲ ಸಾರ್. ನಿಮ್ಮ ಕಣ್ಣ ಮುಂದೆಯೇ ಇದೆ" ಎಂದೆ.

ಕಳ್ಳತನದ ಆರೋಪ ಹೋಯಿತು ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಮಧುಕರ್ ಮುಖ ಮಾತ್ರ ಇನ್ನೂ ಕೆಂಪಾಯಿತು. "ಅಂದರೆ ಮಕ್ಕಳು ಇಳಿಯುವ ನೀರಿಗೆ ನಲವತ್ತೈದು ಹಾಕಿದ್ದಾನಾ? ಕಳ್ಳನಾಗಿದ್ದರೇ ವಾಸಿಯಿತ್ತು! ನಾಳೆ ಕೋಣೆ ಖಾಲಿಯಾಗಬೇಕು."

ಈಗ ಪೂರ್ತಿ ಗೊಂದಲಕ್ಕೆ ಬಿದ್ದವಳು ನಾನು. ಸೊನ್ನೆ ಕಂಡಮೇಲೆ ಅವನು ಹೆದರಿ ಮತ್ತೆ ಮತ್ತೆ ಹಾಕಿದ್ದು ಸರಿ. ಆದರೆ ಬಣ್ಣ ಹೋಗುವಷ್ಟು ಕ್ಲೋರಿನ್ ಮೊದಲು ಬಂದದ್ದಾದರೂ ಹೇಗೆ? ಚಮಚೆಯ ತುದಿಯನ್ನು ಬೆರಳಿಂದ ಸವರಿ ಸಮ ಮಾಡಿ ಹಾಕುವ ಮನುಷ್ಯ ಅವನು. "ಮೊದ್ಲು ಯಾಕ ಜಾಸ್ತಿ ಹಾಕಿದಿ ಹೇಳೋ. ಕಾರಣ ಇರಬೇಕಲ್ಲ?" ಎಂದೆ.

ಅವನು ಬಲೆಯ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ತಪ್ಪಾತ್ರಿ ಬಾಯಾರ. ಖಾಲಿ ಮಾಡ್ತೀನ್ರಿ." ಇಷ್ಟೇ. ಅವನ ಹೆಂಡತಿ ಕೋಣೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಕೆಲಸ, ಸೂರು ಎರಡೂ ಹೋಗುವ ಹೊತ್ತಿನಲ್ಲಿ ಇವನಿಗೆ ಬಾಯಿ ಬಿಡಲು ಏನು ರೋಗ?

ಬೆಂಚಿನ ಕಡೆಯಿಂದ ಕೋಲಿನ ಸದ್ದು ಕೇಳಿತು. ಸುಶೀಲಮ್ಮ ಎದ್ದು ಬರುತ್ತಿದ್ದರು.

"ಶರಣಾ, ಯಾಕ ಬಾಯಿಗೆ ಬೀಗ ಹಾಕ್ಕೊಂಡು ನಿಂತೀಯೋ?" ಎಂದರು. ಅಚ್ಚ ರಾಯಚೂರು ಕಡೆಯ ಕನ್ನಡ!

"ಆಣಿ ಮಾಡೀನಲ್ರಿ ಅವ್ವಾರ, ಯಾರ ಮುಂದೂ ಹೇಳಂಗಿಲ್ಲಂತ."

ನಾನು ಬಾಯಿ ತೆರೆದುಕೊಂಡು ನೋಡಿದೆ. ಅಜ್ಜಿ ನನ್ನ ಕಡೆ ತಿರುಗಿದರು. "ನಂದು ಮಾನ್ವಿ ತವರುಮನಿ ಬೇ. ಪಾಲಮೂರಿಗೆ ಕೊಟ್ರು. ಅಲ್ಲಿಂದ ಎಲ್ಲಾ ತೆಲುಗ. ಇಲ್ಲಿಗೆ ಬಂದ ಮ್ಯಾಲೆ ಕನ್ನಡ ಮಾತಾಡಾಕ ಇವನೊಬ್ಬ ಸಿಕ್ಕ. ದಸರಾಕ್ಕ ಮುಂಚೆ ಒಂಬತ್ತು ದಿನ ಬತುಕಮ್ಮ ಹಬ್ಬ ಬಂತಲ್ಲ, ದಿನಾ ತಾಟಿನಾಗ ತಂಗಡಿ ಹೂವು, ಚೆಂಡು ಹೂವು ಪೇರಿಸಿ ಅರಿಶಿಣದ ಗೌರಮ್ಮನ್ನ ಕೂಡಿಸ್ತಿದ್ದೆ. ಅಕೀನ ನೀರಿಗೆ ಬಿಡಬೇಕಲ್ಲ? ಕೆರಿಗೆ ಹೋಗಾಕ ಮೊಣಕಾಲು ಕೇಳಂಗಿಲ್ಲ. ಇಲ್ಲೇ ಬಿಡೋ ಅಂದೆ. ಇವ ಒಲ್ಲೆ ಅಂದ, ಬೋರ್ಡು ತೋರಿಸಿದ. ನಾನ ಕಣ್ಣೀರು ಹಾಕಿ ಒಪ್ಪಿಸಿ, ಆಣಿ ಮಾಡಿಸ್ಕೊಂಡೆ."

ನೀರಿಗೆ ಹೂವು, ತಿಂಡಿ ಏನನ್ನೂ ಹಾಕಕೂಡದೆಂಬ ಬೋರ್ಡು ಕೊಳದ ಗೋಡೆಯ ಮೇಲಿತ್ತು. ಹಾಕಿಸಿದವರು ಮಧುಕರ್.

ಶರಣಪ್ಪನ ಬಾಯಿಯೂ ಬಿಚ್ಚಿತು. "ದಿನಾ ಸಂಜಿಗೆ ಬಿಟ್ಟು ಬೆಳಿಗ್ಗೆ ತೆಗೀತಿದ್ನಿರಿ. ರಾತ್ರಿ ಗೌರಮ್ಮನ್ನ ಬಲೆ ಹಾಕಿ ಎಳಿಯಾಕ ಮನಸ್ ಬರಲಿಲ್ರಿ. ಹೂವಿಂದ ನೀರು ಕೆಟ್ಟು ಮಕ್ಕಳಿಗೆ ಏನರ ಆದ್ರ ಅಂತ ಅಂಜಿ ದಿನಾ ಜಾಸ್ತಿ ಹಾಕಿದೆ. ಒಂದಿನ ಸೊನ್ನಿ ಬಂತು. ಹೂವ ಎಲ್ಲಾ ನುಂಗ್ಯಾವಂತ ಮತ್ತ ಹಾಕಿದೆ."

ಒಂದು ತಾಟು ಹೂವಿನಿಂದ ಅಷ್ಟು ದೊಡ್ಡ ಕೊಳಕ್ಕೆ ಏನೂ ಆಗುತ್ತಿರಲಿಲ್ಲ. ಕೆಡಿಸಿದ್ದು ಹೂವಲ್ಲ, ಅವನ ಅಂಜಿಕೆ.

"ಏಮಂಟುಂದಿ ಮೇಡಂ?" ಮಧುಕರ್ ಕೇಳಿದರು. ತನ್ನ ತಾಯಿ ಏನು ಹೇಳುತ್ತಿದ್ದಾಳೆಂದು ಪರರನ್ನು ಕೇಳಬೇಕಾಗಿ ಬಂದದ್ದಕ್ಕೆ ಅವರ ದನಿ ಸಣ್ಣದಾಗಿತ್ತು. ತೆಲುಗಿನಲ್ಲಿ ಎಲ್ಲವನ್ನೂ ಹೇಳಿದೆ.

ಅವರು ತಾಯಿಯ ಕಡೆ ತಿರುಗಿದರು. "ನನ್ನನ್ನು ಕೇಳಬಾರದಿತ್ತೇ ಅಮ್ಮಾ? ಕಾರಿನಲ್ಲಿ ಕೆರೆಗೆ ಕರೆದುಕೊಂಡು ಹೋಗುತ್ತಿದ್ದೆನಲ್ಲ."

ಸುಶೀಲಮ್ಮನಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ಆದರೂ ಅವರು ಮಗನನ್ನು ಬಿಟ್ಟು ನನ್ನನ್ನೇ ನೋಡಿ ಕನ್ನಡದಲ್ಲೇ ಹೇಳಿದರು: "ಕೇಳಿದ್ದೆ. ಫೋನಿನಾಗ ಮಾತಾಡಾಕತ್ತಿದ್ದ. ತಡಿ ಅಂತ ಒಂದು ಬೆರಳು ಎತ್ತಿ ತೋರಿಸಿದ. ತಡದೆ. ಹಬ್ಬ ಮುಗಿಯೋತನಕ ಅವ ತಿರುಗಿ ಕೇಳಲಿಲ್ಲ."

ಇದನ್ನೂ ತೆಲುಗಿಗೆ ತಿರುಗಿಸಿದೆ. ಮಧುಕರ್ ಕೇಳಿಸಿಕೊಂಡರು. ಆಮೇಲೆ ಶರಣಪ್ಪನಿಗೆ, "ಕೋಣೆ ಖಾಲಿ ಮಾಡಬೇಡ" ಎಂದರು. ಬಾಗಿಲಲ್ಲಿದ್ದ ಅವನ ಹೆಂಡತಿ ಬಾಯಿಗೊತ್ತಿದ್ದ ಸೆರಗು ಬಿಟ್ಟು ಒಳಗೆ ಹೋದಳು.

ನೀರಿಗೆ ನಾನು ಹೇಳಿದ ಔಷಧ ಸುಲಭದ್ದು: ಇನ್ನೇನೂ ಹಾಕಬೇಡಿ, ಹೊದಿಕೆ ಎಳೆಯಬೇಡಿ, ಪಂಪ್ ಓಡಲಿ, ಬಿಸಿಲು ಬೀಳಲಿ. ಕ್ಲೋರಿನ್ ಇಳಿದ ಮೇಲೆ ಬಂದು ಆಸಿಡ್ ಹಾಕಿಸಿ ಪಿಎಚ್ ಸರಿಮಾಡಿ, ಫಿಲ್ಟರ್ ತೊಳೆಸಿದೆ. ನೀರು ತಿಳಿಯಾಯಿತು. ಕಾಲನಿಯವರು ತಡವಾಯಿತೆಂದು ಗೊಣಗಿದರು, ಗೊಣಗಲಿ.

ಈಗ ನಾನು ಯಾವ ಸೊನ್ನೆಯನ್ನೂ ತೆಳುಮಾಡಿ ನೋಡದೆ ಬರೆಯುವುದಿಲ್ಲ. ಏನೂ ಇಲ್ಲದಾಗಲೂ ಸೊನ್ನೆ ಬರುತ್ತದೆ, ಹಿಡಿಸಲಾರದಷ್ಟು ಇದ್ದಾಗಲೂ ಸೊನ್ನೆಯೇ ಬರುತ್ತದೆ. ಇದನ್ನು ಹೊಸ ಆಪರೇಟರುಗಳಿಗೆ ಕಲಿಸುವಾಗ ನಾನು ನೀರಿನ ಮಾತು ಹೇಳುತ್ತೇನೆ. ಮನಸ್ಸಿನಲ್ಲಿ ಮಾತ್ರ, ಬಲೆಯ ಕೋಲು ಹಿಡಿದು "ಖಾಲಿ ಮಾಡ್ತೀನ್ರಿ" ಎಂದಷ್ಟೇ ಹೇಳಿ ಸುಮ್ಮನಾದ ಶರಣಪ್ಪನೂ, ಎತ್ತಿದ ಬೆರಳಿನ ಮುಂದೆ ಸುಮ್ಮನೆ ನಿಂತ ಆ ತಾಯಿಯೂ ಇರುತ್ತಾರೆ.